ಮೆಣಸಿನ ದಾರಿಯಲ್ಲಿ ಎರಡು ಸೈಕಲ್

ಸಾಗರದಿಂದ ಇಕ್ಕೇರಿಗೆ ಬಸ್ಸಿನಲ್ಲಿ ಹೋದರೆ ಕಂಡಕ್ಟರ್ ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಇಕ್ಕೇರಿ ಬಂದುಬಿಟ್ಟಿರುತ್ತದೆ. ಇಳಿದು, ಅಘೋರೇಶ್ವರನಿಗೆ ಕೈಮುಗಿದು, ಪ್ರದಕ್ಷಿಣೆ ಹಾಕಿ, ಒಂದು ಫೋಟೋ ತೆಗೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಬಂದ ನೆಂಟರನ್ನೆಲ್ಲ ನಾನು ಹೀಗೆ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಕಳೆದ ಚಳಿಗಾಲದಲ್ಲಿ ಮಾತ್ರ ಟಾರು ರಸ್ತೆ ಬಿಟ್ಟು, ಗದ್ದೆಯಂಚಿನ, ಅಡಿಕೆ ತೋಟದ ಬೇಲಿಯಂಚಿನ ಕೆಂಪು ಗರಸು ದಾರಿ ಹಿಡಿದು ಸೈಕಲ್ಲಿನಲ್ಲಿ ಹೋದೆ. ಅಲ್ಲಿಗೇ ನಿಲ್ಲಿಸದೆ ಕೆಳದಿಗೆ, ಹೊಸನಗರಕ್ಕೆ, ಕೊನೆಗೆ ನಗರದ ಕೋಟೆಯವರೆಗೆ. ಮೂರು ದಿನ.

ಇದರ ಹಿಂದೆ ಇದ್ದವಳು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು. ಅವಳಿಗೆ ಸೈಕಲ್ ಹುಚ್ಚು. ಈ ಸಲ ಬರುವಾಗ ಎರಡು ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿಕೊಂಡೇ ಬಂದಳು. ಒಂದು ಗ್ರಾವೆಲ್ ಬೈಕ್ ಅಂತೆ. ಹ್ಯಾಂಡಲ್ಲು ರೇಸಿನ ಸೈಕಲ್ಲಿನ ಹಾಗೆ ಟಗರಿನ ಕೊಂಬಿನಂತೆ ಬಾಗಿದೆ, ಟಯರು ಮಾತ್ರ ದಪ್ಪ. ಜಲ್ಲಿ, ಮಣ್ಣು, ಕಾಡುದಾರಿ ಯಾವುದಕ್ಕೂ ಜಗ್ಗುವುದಿಲ್ಲ. ಇನ್ನೊಂದು ನನ್ನ ವಯಸ್ಸಿಗೆ ಕರುಣೆ ತೋರಿಸಿ ತಂದದ್ದು, ನೇರ ಹ್ಯಾಂಡಲ್ಲಿನದು. "ದೊಡ್ಡಮ್ಮ, ಏರು ಬಂದಾಗ ಗೇರು ಇಳಿಸು, ಮಾತು ನಿಲ್ಲಿಸು" ಎಂದು ಒಂದೇ ಪಾಠ ಹೇಳಿದಳು. ಮೊದಲನೆಯದನ್ನು ಪಾಲಿಸಿದೆ.

ಬೆಳಿಗ್ಗೆ ಚೂಡಿದಾರ ಹಾಕಿ, ತಲೆಗೆ ಹೆಲ್ಮೆಟ್ ಏರಿಸಿ ಗೇಟು ದಾಟಿದಾಗ ಎದುರುಮನೆಯವರು ರಂಗೋಲಿ ನಿಲ್ಲಿಸಿ ನೋಡಿದರು. ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಯಲ್ಲಿ ಸೈಕಲ್ ಹೊಡೆಯುವ ಹುಡುಗಿಯರು ಇಬ್ಬರೇ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದ ಮೇಲೆ ಹಳ್ಳಿಯ ಹುಡುಗಿಯರು ಸಾಲಾಗಿ ಪೆಡಲ್ ತುಳಿದು ಹೋಗುವುದನ್ನು ಕಂಡು ಹೊಟ್ಟೆಕಿಚ್ಚುಪಟ್ಟವಳು ನಾನು.

ಬಸ್ಸಿಗೂ ಸೈಕಲ್ಲಿಗೂ ಇರುವ ವ್ಯತ್ಯಾಸ ಮೊದಲ ಅರ್ಧ ಗಂಟೆಯಲ್ಲೇ ತೊಡೆಗೆ ತಿಳಿಯುತ್ತದೆ. ಮಲೆನಾಡಿನಲ್ಲಿ ಸಮನಾದ ನೆಲ ಎಂಬುದಿಲ್ಲ. ಏರು, ಇಳಿತ, ತಗ್ಗಿನಲ್ಲಿ ಗದ್ದೆ, ಗದ್ದೆಯ ತಲೆಗೆ ತೋಟ, ತೋಟದ ಮೇಲೆ ಬೆಟ್ಟ, ಮತ್ತೆ ಏರು. ಕೆಳದಿಯ ಅರಸರು 1499ರಿಂದ 1763ರವರೆಗೆ ಆಳಿದ ರಾಜ್ಯವೆಂದರೆ ಈ ಏರಿಳಿತಗಳ ಮೇಲಿನ ದಾರಿಗಳೇ. ಘಟ್ಟದ ಮೇಲಿನಿಂದ ಕಾಳುಮೆಣಸು, ಅಡಿಕೆ ಎತ್ತಿನ ಬೆನ್ನೇರಿ ಕರಾವಳಿಗೆ ಇಳಿಯಬೇಕು; ಉಪ್ಪು, ಕುದುರೆ ಕೆಳಗಿನಿಂದ ಹತ್ತಬೇಕು. ದಾರಿ ಹಿಡಿದವರಿಗೆ ಸುಂಕ, ಸುಂಕ ಹಿಡಿದವರಿಗೆ ರಾಜ್ಯ.

ಇಕ್ಕೇರಿ ಇವತ್ತು ಒಂದು ಹಳ್ಳಿ. ಆದರೆ ಕೆಳದಿಯಿಂದ ರಾಜಧಾನಿ ಇಲ್ಲಿಗೆ ಬಂದ ಮೇಲೆ, ಮುಂದೆ ಬಿದನೂರಿಗೆ ಹೋಗುವವರೆಗೆ, ಇದು ದೊಡ್ಡ ಪಟ್ಟಣ. 1623ರ ನವೆಂಬರಿನಲ್ಲಿ ಇಲ್ಲಿಗೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಗೃಹಸ್ಥ ಬಂದ. ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಜೊತೆ ಸೇರಿಕೊಂಡು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ಕೆಲಸವೇನೂ ಇಲ್ಲ, ನೋಡುವುದೇ ಕೆಲಸ. ಊರಿಗೆ ಮೂರು ಸುತ್ತು ಆವರಣವಿತ್ತು, ಹೊರಗಿನ ಎರಡು ಗೋಡೆಯಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರು ಎಂದು ಬರೆದ. ಎಂಥ ಉಪಾಯ ನೋಡಿ, ಮಳೆಗೆ ಕುಸಿಯುವುದಿಲ್ಲ, ವರ್ಷವರ್ಷವೂ ತಾನೇ ಬೆಳೆಯುತ್ತದೆ. ಸಂಜೆ ಬೀದಿಯಲ್ಲಿ ಹುಡುಗಿಯರು ಗುಂಪು ಗುಂಪಾಗಿ ಬಣ್ಣದ ಕೋಲು ಹಿಡಿದು ಕುಣಿಯುವುದನ್ನೂ ಬರೆದ. ನಮ್ಮ ಕೋಲಾಟ!

ಅವನ ಪತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಬ್ಬ ಹೆಂಗಸಿನ ಪ್ರಸಂಗ. ಒಂದು ದಿನ ಊರಬೀದಿಯಲ್ಲಿ ಕುದುರೆಯ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು, ವಾದ್ಯದ ಹಿಂದೆ ಬರುತ್ತಿದ್ದ ಒಬ್ಬಳನ್ನು ಅವನು ಕಂಡ. ಗಂಡ ಸತ್ತಿದ್ದಾನೆ, ಇವಳು ಚಿತೆಯೇರುವವಳು ಎಂದರು. ಸುಮ್ಮನಿರಲಾರದೆ ಅವಳ ಮನೆ ಹುಡುಕಿಕೊಂಡು ಹೋದ. ತೆಲುಗರ ಹೆಂಗಸು, ಗಂಡ ಡೋಲು ಬಾರಿಸುವವನು. ವಯಸ್ಸು ಮೂವತ್ತರ ಸುಮಾರು, ಕಪ್ಪು ಬಣ್ಣ, ಎತ್ತರದ ನಿಲುವು. ಇಟಾಲಿಯನ್ ಕಾಗುಣಿತದಲ್ಲಿ ಅವನು ಬರೆದ ಹೆಸರನ್ನು ನಮ್ಮ ನಾಲಗೆಗೆ ತಿರುಗಿಸಿದರೆ ಜಕ್ಕಮ್ಮ ಎಂದಾಗುತ್ತದೆ. ಹೂ ಮುಡಿದು, ನಗುತ್ತಲೇ ಹೊರಗೆ ಬಂದಳಂತೆ. ಪುಟ್ಟ ಮಕ್ಕಳಿದ್ದಾರಲ್ಲ ಎಂದು ಇವನು ಕೇಳಿದ. ಮನೆಯ ಹಿರಿಯರು ನೋಡಿಕೊಳ್ಳುತ್ತಾರೆ ಎಂದಳು. ಗಂಡನಿಗೆ ಇವಳಿಗಿಂತ ಮೊದಲು ಕೈಹಿಡಿದ ಇಬ್ಬರು ಹೆಂಡಿರಿದ್ದರು. ಮಕ್ಕಳು ಬಹಳ ಇದ್ದಾರೆ ಎಂದು ಅವರು ಒಲ್ಲೆ ಎಂದಿದ್ದರು. ಯಾರ ಬಲವಂತವೂ ಇಲ್ಲ, ನನ್ನ ಇಷ್ಟ ಎಂದು ಜಕ್ಕಮ್ಮ ಹೇಳಿದಳು. ನಿನ್ನ ಹೆಸರನ್ನು ಉಳಿಸುತ್ತೇನೆ ಎಂದು ಮಾತು ಕೊಟ್ಟ ಅವನು ಅವಳ ಮೇಲೆ ಪದ್ಯಗಳನ್ನೂ ಬರೆದ.

ಇವನ ಕಥೆಯನ್ನೂ ಸ್ವಲ್ಪ ಕೇಳಿ. ಬಗ್ದಾದಿನಲ್ಲಿ ಪ್ರೀತಿಸಿ ಮದುವೆಯಾದ ಇವನ ಹೆಂಡತಿ ಸಿತ್ತಿ ಮಆನಿ 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ಶವಕ್ಕೆ ಮದ್ದು ಹಚ್ಚಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ಮತ್ತೆ ರೋಮಿಗೆ ಒಯ್ದು 1627ರಲ್ಲಿ ಮಣ್ಣುಮಾಡಿದ. ಹೆಂಡತಿಯನ್ನು ಬಿಡಲಾರದ ಗಂಡ, ಗಂಡನ ಹಿಂದೆ ಹೋಗುತ್ತೇನೆಂಬ ಹೆಂಡತಿಯನ್ನು ಇಕ್ಕೇರಿಯ ಒಂದು ಜಗಲಿಯಲ್ಲಿ ನಿಂತು ಮಾತಾಡಿಸುತ್ತಿದ್ದಾನೆ. ಅವನಿಗೆ ಪೆಟ್ಟಿಗೆ ಹೊರುವ ಹಾದಿ ಇತ್ತು. ಅವಳಿಗೆ ಇದ್ದದ್ದು ಒಂದೇ. ಇಷ್ಟದಿಂದ ಎಂದರೆ ಏನು ಅರ್ಥ ಎಂದು ನನ್ನ ಜೊತೆಗಾತಿ ಕೇಳಿದಳು. ಒಲ್ಲೆನೆಂದ ಆ ಇಬ್ಬರು ಸವತಿಯರ ಹೆಸರನ್ನು ಯಾರೂ ಬರೆದಿಡಲಿಲ್ಲ. ನನಗೆ ಅವರೇ ಹೆಚ್ಚು ನೆನಪಾಗುತ್ತಾರೆ. ಸೂತಕದ ಮನೆಯಲ್ಲಿ, ಊರೆಲ್ಲ ಡೋಲು ಬಡಿಯುತ್ತಿರುವಾಗ, ಮಕ್ಕಳಿದ್ದಾವೆ, ನಾವು ಬರುವುದಿಲ್ಲ ಎನ್ನಲು ಎಷ್ಟು ಧೈರ್ಯ ಬೇಕು!

ಗುಡಿಯೊಳಗೆ ಅಘೋರೇಶ್ವರನ ಪೀಠದ ಸುತ್ತ 32 ದೇವಿಯರು ಕೂತಿದ್ದಾರೆ. ಗರ್ಭಗುಡಿಯ ಮುಂದಿನ ನೆಲದ ಮೇಲೆ ನಮಸ್ಕಾರ ಮಾಡುತ್ತಿರುವ ಮೂವರು ನಾಯಕರ ಉಬ್ಬುಚಿತ್ರಗಳಿವೆ. ಒಬ್ಬನ ಕೈಕಾಲಿಗೆ ಸಂಕೋಲೆ. ಅವನನ್ನು ಹುಚ್ಚ ಸೋಮಶೇಖರ ಎಂದು ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ಗುರುತಿಸಿದ್ದಾರೆ. ಸೋಮಶೇಖರ ಎಂಬುದು ಕೆಳದಿ ಚೆನ್ನಮ್ಮಾಜಿಯ ಗಂಡನ ಹೆಸರು ಕೂಡ. ಕಲ್ಲಿನಲ್ಲಿ ಕೂಡ ಬಿಡಿಸದ ಆ ಸಂಕೋಲೆಯನ್ನು ನೋಡಿ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಗಂಜಿ ಉಂಡು, ಬಿಸಿಲು ಇಳಿದ ಮೇಲೆ ಉತ್ತರಕ್ಕೆ ಕೆಳದಿಯ ಕಡೆ ಹೊರಟೆವು. ಅಂಕುಡೊಂಕಾದ ಒಳದಾರಿ. ಈ ಕಡೆ, ಸೊರಬದ ದಿಕ್ಕಿಗೆ ಹೋದಷ್ಟೂ, ನಮ್ಮವರು ಕಾನು ಎಂದು ಕರೆಯುವ ದಟ್ಟ ಕಾಡಿನ ತುಂಡುಗಳು ಸಿಗುತ್ತವೆ. ಹೊರಗೆ ಗರಸು ಕಾದು ಕೆಂಡವಾಗಿದ್ದರೂ ಕಾನಿನ ನೆರಳಿಗೆ ನುಗ್ಗಿದ ಕೂಡಲೇ ಬಾವಿಕಟ್ಟೆಯ ತಂಪು. ಟಯರಿನ ಕರಕರ ಸದ್ದು ನಿಂತು ತರಗೆಲೆಯ ಸದ್ದು. ಪಟ್ಟಣದವರು ಇದನ್ನು ಯಾರೂ ಮುಟ್ಟದ ಕಾಡು ಎಂದುಕೊಳ್ಳುತ್ತಾರೆ. ಹಾಗಲ್ಲ. 1801ರಲ್ಲಿ ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಕಾನುಗಳಲ್ಲಿ ಮೆಣಸು ಬೆಳೆಯುವುದನ್ನು ವಿವರಿಸಿದ್ದಾನೆ. ಮರಕ್ಕೆ ಬಳ್ಳಿ ಹಬ್ಬಿಸಿ, ಕೊಯ್ದು, ಅರಸರಿಗೆ ತೆರಿಗೆ ಕೊಟ್ಟು ಜನ ಕಾಪಾಡಿಕೊಂಡು ಬಂದ ಕಾಡು ಇದು. ಜನ ಕಾಯ್ದಿದ್ದಕ್ಕೇ ಕಾಡು ಉಳಿದಿದೆ.

ಈ ಮೆಣಸಿಗಾಗಿಯೇ ಒಬ್ಬ ರಾಣಿಗೆ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಹೆಸರಿಟ್ಟರು. ಗೇರುಸೊಪ್ಪೆಯ ಚೆನ್ನಭೈರಾದೇವಿ, ಜೈನ ಅರಸಿ, ಹದಿನಾರನೇ ಶತಮಾನದ ನಡುವಿನಿಂದ ಐವತ್ತು ವರ್ಷಕ್ಕೂ ಮೇಲೆ ಆಳಿದವಳು. ಅವಳ ನಾಡು ಇಕ್ಕೇರಿಯ ವೆಂಕಟಪ್ಪ ನಾಯಕನ ಪಾಲಾಯಿತು. ದೆಲ್ಲಾ ವಾಲ್ಲೆ ಬರುವ ಹೊತ್ತಿಗೆ ಗೇರುಸೊಪ್ಪೆಯ ಅರಮನೆಯಲ್ಲಿ ಮರಗಿಡ ಬೆಳೆದಿತ್ತು. ಅಲ್ಲಿ ಅವನು ಕೇಳಿಸಿಕೊಂಡ ಕಥೆ ಹೀಗೆ: ಗೇರುಸೊಪ್ಪೆಯ ಕೊನೆಯ ರಾಣಿ ಹೀನಕುಲದ ಪರಸ್ಥಳದವನೊಬ್ಬನಿಗೆ ಮನಸೋತಳು, ರಾಜ್ಯವನ್ನು ಅವನ ಕೈಗಿತ್ತಳು, ಅವನು ತಿರುಗಿಬಿದ್ದ, ಹೀಗಾಗಿ ಎಲ್ಲ ಹೋಯಿತು. ಈ ಕಥೆಯನ್ನು ಒಂದು ಕಡೆ ಗಂಟುಹಾಕಿ ಇಟ್ಟುಕೊಳ್ಳಿ. ನಗರಕ್ಕೆ ಹೋದಾಗ ಬೇಕಾಗುತ್ತದೆ.

ಕೆಳದಿಯಲ್ಲಿ ಕತ್ತಲಾಗುವುದರೊಳಗೆ ರಾಮೇಶ್ವರ, ವೀರಭದ್ರ ಗುಡಿಗಳನ್ನು ನೋಡಿದೆವು. ವೀರಭದ್ರನ ಗುಡಿಯ ಮಾಡಿನಲ್ಲಿರುವ ಗಂಡಭೇರುಂಡವನ್ನು ಕತ್ತು ನೋಯುವವರೆಗೆ ನೋಡಬೇಕು. ಹೊರಗಿನ ಕಲ್ಲಿನ ಕಂಬದ ಬುಡದಲ್ಲಿ ಚೆನ್ನಮ್ಮಾಜಿಯೂ ಶಿವಾಜಿಯ ಮಗ ರಾಜಾರಾಮನೂ ಇದ್ದಾರೆ ಎಂದು ಊರವರು ತೋರಿಸುತ್ತಾರೆ. ಚೆನ್ನಮ್ಮಾಜಿಯ ಕಥೆ ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. 1671ರ ಸುಮಾರಿಗೆ ಗಂಡ ಕೊಲೆಯಾದ ಮೇಲೆ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ಆಳಿದಳು, 1689ರಲ್ಲಿ ಔರಂಗಜೇಬನಿಗೆ ಹೆದರದೆ ರಾಜಾರಾಮನಿಗೆ ಆಶ್ರಯ ಕೊಟ್ಟಳು. ನಾನು ಗಮನಿಸಿದ್ದು ಬೇರೆ. ಈ ಕಥೆಯಲ್ಲೂ ಒಂದು ಪ್ರಣಯವಿದೆ, ಆದರೆ ಅದು ಗಂಡನದು. ಸೋಮಶೇಖರ ನಾಯಕ ನರ್ತಕಿಯೊಬ್ಬಳ ಮೋಹಕ್ಕೆ ಸಿಕ್ಕಿ ಬುದ್ಧಿ ಕೆಡಿಸಿಕೊಂಡನೆಂದು ಹೇಳುತ್ತಾರೆ. ರಾಜ್ಯ ಉಳಿಸಿಕೊಂಡ ರಾಣಿಯ ಮೇಲೆ ಅಂಥ ಮಾತಿಲ್ಲ.

ಮರುದಿನ ಹೊಸನಗರದ ದಾರಿ. ಮಧ್ಯೆ ಬಟ್ಟೆಮಲ್ಲಪ್ಪ ಎಂಬ ಊರು. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ ಎಂದು ನಾನು ಹೇಳಿದ್ದಕ್ಕೆ, "ಹಾಗಾದರೆ ದಾರಿ ಮಲ್ಲಪ್ಪ, ಇಲ್ಲೇ ಚಾ ಕುಡಿಯೋಣ" ಎಂದು ಅವಳು ಸೈಕಲ್ ಇಳಿದಳು. ಅಲ್ಲಿಂದ ಮುಂದೆ ಬೇಕೆಂದೇ ಒಳದಾರಿಗಳನ್ನು ಹಿಡಿದೆವು. ಗರಸಿನ ಮೇಲೆ ಸೈಕಲ್ ಹೊಡೆಯುವುದರಲ್ಲಿ ಒಂದು ಗುಟ್ಟಿದೆ. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬಾರದು, ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಬಾರದು, ಟಯರಿನ ಗಾಳಿ ಕೊಂಚ ಕಡಿಮೆಯೇ ಇರಬೇಕು. ಇಳಿಜಾರಿನಲ್ಲಿ ಸೈಕಲ್ ತಾನೇ ದಾರಿ ಹುಡುಕಿಕೊಳ್ಳುತ್ತದೆ. ದಾರಿಯುದ್ದಕ್ಕೂ ಮತ್ತಿ, ಹೊನ್ನೆ, ನಂದಿ. ಅಲ್ಲಲ್ಲಿ ಸೊಪ್ಪು ಕಡಿದು ಬೋಳಾದ ಸೊಪ್ಪಿನಬೆಟ್ಟ. ನಡುನಡುವೆ ಅಕೇಶಿಯಾ ನೆಡುತೋಪು, ಅದರಡಿ ಹುಲ್ಲೂ ಹುಟ್ಟುವುದಿಲ್ಲ, ಹಕ್ಕಿಯ ಸದ್ದೂ ಕಡಿಮೆ. ರಾತ್ರಿ ಹೊಸನಗರದಲ್ಲಿ ಓರಗಿತ್ತಿಯ ಮನೆ. ಹಳೆಯ ಹೆಸರು ಕಲ್ಲೂರುಕಟ್ಟೆ ಎಂದಿದ್ದ ಈ ಊರು ನಗರದಿಂದ ತಾಲ್ಲೂಕು ಕಚೇರಿ ಬಂದ ಮೇಲೆ ಹೊಸನಗರವಾಯಿತು. ಬಿಸಿನೀರು, ಕೊಬ್ಬರಿ ಎಣ್ಣೆ, ಅಪ್ಪೆಮಿಡಿ ಉಪ್ಪಿನಕಾಯಿ. ಇಷ್ಟರ ಮೇಲೆ ಮಂಡಿನೋವು ಯಾವ ಲೆಕ್ಕ.

ಅಲ್ಲಿಂದ ನಗರ ಸುಮಾರು 17 ಕಿಲೋಮೀಟರು. ಬಿದಿರು ತುಂಬಿದ ಹಳ್ಳಿಯಾದ್ದರಿಂದ ಬಿದನೂರು. 1639-40ರ ಹೊತ್ತಿಗೆ ರಾಜಧಾನಿ ಇಲ್ಲಿಗೆ ಬಂತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಕಾಲದಲ್ಲಿ ಊರು ಉಬ್ಬಿತು. ಅವನ ಶಿಸ್ತು ಎಂಬ ಕಂದಾಯದ ಲೆಕ್ಕ ಹೆಸರುವಾಸಿ. ಬಗೆಬಗೆಯ ನೆಲದಲ್ಲಿ ಹನ್ನೆರಡು ವರ್ಷ ಸರ್ಕಾರದಿಂದಲೇ ಬೇಸಾಯ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಸರ್ಕಾರಕ್ಕೆ ಎಂದು ಗೊತ್ತುಮಾಡಿದ ಎನ್ನುತ್ತಾರೆ. ತಿಂಗಳ ಖರ್ಚು ಬರೆದಿಡುವ ನಮ್ಮಂಥವರಿಗೆ ಇವನ ಮೇಲೆ ಗೌರವ ಹುಟ್ಟದೆ ಇರದು.

ಬಿದನೂರಿಗೆ ಕೋಟೆಗಿಂತ ಕಾಡೇ ಕಾವಲು. ಗುಡ್ಡ, ಮುಳ್ಳು, ಮಳೆ. ಅಂಥ ಊರು 1763ರಲ್ಲಿ ಹೈದರಾಲಿಯ ಕೈಗೆ ಹೇಗೆ ಬಿತ್ತು ಎಂಬುದನ್ನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ. ಆಗ ಆಳುತ್ತಿದ್ದವಳು ವೀರಮ್ಮಾಜಿ, 1757ರಿಂದ. ಹೈದರ್ ಮುಂದೆ ಮುಂದೆ ಬಂದಂತೆಲ್ಲ ಅವಳು ಹೆಚ್ಚು ಹೆಚ್ಚು ವರಹ ಕೊಡುತ್ತೇನೆಂದು ಹೇಳಿಕಳಿಸಿದಳು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಿಂದಿನ ಮಂತ್ರಿ ಲಿಂಗಣ್ಣ ಹೈದರನಿಗೆ ಒಂದು ಗುಟ್ಟಿನ ಕಾಡುದಾರಿ ಹೇಳಿಕೊಟ್ಟ. ಎದುರಿನಿಂದ ಗದ್ದಲವೆಬ್ಬಿಸಿ, ಆ ದಾರಿಯಿಂದ ಒಳಗೆ ನುಗ್ಗಿದರು. ರಾಣಿ ಅರಮನೆಗೆ ಬೆಂಕಿಯಿಡಲು ಹೇಳಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಅಲ್ಲಿ ಸೆರೆಸಿಕ್ಕಳು. ಮಧುಗಿರಿ ಕೋಟೆಯಲ್ಲಿ ಬಂಧನ. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಹಿಡಿದು ಬಿಡಿಸಿದ ಮೇಲೆ ಪುಣೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು.

ಇದೇ ವಿಲ್ಕ್ಸ್ ಇನ್ನೊಂದನ್ನೂ ಹೇಳುತ್ತಾನೆ. ವೀರಮ್ಮಾಜಿಗೆ ಒಬ್ಬನ ಸಂಬಂಧವಿತ್ತು, ಅದನ್ನು ಆಕ್ಷೇಪಿಸಿದ ದತ್ತುಮಗ ಚೆನ್ನಬಸವನನ್ನು ಸ್ನಾನ ಮಾಡಿಸುವ ಜಟ್ಟಿಯಿಂದ ಕತ್ತು ಮುರಿಸಿ ಕೊಲ್ಲಿಸಿದಳು ಎಂದು. ಆ ಚೆನ್ನಬಸವ ನಾನೇ, ಸತ್ತಿರಲಿಲ್ಲ, ನನ್ನ ಪಟ್ಟ ಕೊಡಿಸಿ ಎಂದು ಬಂದ ಯುವಕನೊಬ್ಬನನ್ನು ಮುಂದಿಟ್ಟುಕೊಂಡೇ ಹೈದರ್ ದಂಡೆತ್ತಿದ್ದು.

ಗಂಟುಹಾಕಿ ಇಟ್ಟದ್ದನ್ನು ಈಗ ಬಿಚ್ಚಿ. ಗೇರುಸೊಪ್ಪೆಯ ರಾಣಿ ರಾಜ್ಯ ಕಳೆದುಕೊಂಡಳು, ಅವಳಿಗೊಬ್ಬ ಪ್ರಿಯಕರ. ಬಿದನೂರಿನ ರಾಣಿ ಕಳೆದುಕೊಂಡಳು, ಅವಳಿಗೂ ಒಬ್ಬ. ಒಂದು ಇಕ್ಕೇರಿಯವರು ಗೆದ್ದ ನಾಡಿನಲ್ಲಿ ಹುಟ್ಟಿದ ಕಥೆ. ಇನ್ನೊಂದು ಇಕ್ಕೇರಿಯ ವಂಶದವರೇ ಸೋತಾಗ ಹಬ್ಬಿದ ಕಥೆ. ನಡೆದೇ ಇಲ್ಲ ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಅರಮನೆಗಳಲ್ಲಿ ಕೊಲೆಗಳಾಗಿವೆ, ಚೆನ್ನಮ್ಮಾಜಿಯ ಗಂಡನೇ ಕೊಲೆಯಾದವನು. ಆದರೆ ಒಂದು ಮಾತು ಯೋಚಿಸಿ. ಹಕ್ಕುದಾರನಿಗೆ ನ್ಯಾಯ ಕೊಡಿಸಲು ಬಂದೆ ಎಂದ ಹೈದರ್ ಊರು ಕೈಗೆ ಬಂದ ಮೇಲೆ ಏನು ಮಾಡಿದ? ವಿಲ್ಕ್ಸ್‌ನೇ ಬರೆಯುವಂತೆ, ಆ ಯುವಕನನ್ನೂ ರಾಣಿಯ ಜೊತೆಗೇ ಮಧುಗಿರಿಯ ಸೆರೆಗೆ ಕಳಿಸಿದ. ಊರಿಗೆ ಹೈದರನಗರ ಎಂದು ಹೆಸರಿಟ್ಟು, ಟಂಕಸಾಲೆ ತೆರೆದು ತನ್ನ ಹೆಸರಿನ ವರಹ ಅಚ್ಚುಹಾಕಿಸಿದ. ಆ ಹೆಸರಿನಲ್ಲಿ ಇವತ್ತಿಗೆ ಉಳಿದದ್ದು ನಗರ ಎಂಬ ಬಾಲ ಮಾತ್ರ. ಪ್ರಿಯಕರನ ಕಥೆಯಿಂದ ಲಾಭವಾದದ್ದು ಯಾರಿಗೆ ಎಂದು ಕೇಳಿದರೆ ಉತ್ತರ ಆ ವರಹದ ಮೇಲೇ ಇದೆ. ಆರು ವರ್ಷ ಆಳಿದ ಹೆಂಗಸು ಮಾಡಿದ ಬೇರೆ ಯಾವ ಕೆಲಸವೂ ಜನರ ಬಾಯಲ್ಲಿಲ್ಲ. ದಾರಿ ತೋರಿಸಿದ ಲಿಂಗಣ್ಣನ ಹೆಸರು ಹೇಳಿ ಉಗುಳುವವರೂ ಇಲ್ಲ! ನನಗೆ ಸಿಟ್ಟು ಬರುವುದು ಇಲ್ಲಿ.

ದೆಲ್ಲಾ ವಾಲ್ಲೆ ಇಕ್ಕೇರಿಯಿಂದ ಇಳಿದು ಹೋದ ಮೇಲೆ, ಅದೇ 1623ರ ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡ. ಅವಳು ಬರಿಗಾಲಿನಲ್ಲಿ ಕೆಲಸಗಾರರ ನಡುವೆ ನೀರಿನ ಕಾಲುವೆ ನೋಡಲು ಹೊರಟಿದ್ದಳು. ನೋಡಲು ಅಡಿಗೆಯವಳೋ ಬಟ್ಟೆ ಒಗೆಯುವವಳೋ ಎಂಬಂತಿದ್ದಳು, ಬಾಯಿ ತೆರೆದಾಗ ರಾಣಿಯೆಂದು ತಿಳಿಯಿತು ಎಂಬರ್ಥದಲ್ಲಿ ಬರೆದಿದ್ದಾನೆ. ಕೆಲಸದಲ್ಲಿರುವ ರಾಣಿಯನ್ನು ಕಣ್ಣಾರೆ ನೋಡಿ ಬರೆದವರು ಎಷ್ಟು ಜನ? ವೀರಮ್ಮಾಜಿಯ ಪುಣ್ಯಕ್ಕೆ ಅಂಥ ಒಬ್ಬ ಅಲೆಮಾರಿ ಒದಗಿದ್ದರೆ ಅವಳೂ ನಮಗೆ ಕಾಲುವೆಯ ಬದಿಯಲ್ಲೇ ಸಿಗುತ್ತಿದ್ದಳೇನೋ.

ನಗರದ ಕೋಟೆ ಕೆರೆಯ ಪಕ್ಕದ ದಿಬ್ಬದ ಮೇಲಿದೆ. ಸೈಕಲ್ಲನ್ನು ಬಾಗಿಲಲ್ಲಿ ಒರಗಿಸಿ ಹತ್ತಿದೆವು. ದರ್ಬಾರಿನ ಜಗಲಿ ಉಳಿದಿದೆ, ಮಾಡು ಇಲ್ಲ. ಒಳಗೆ ಅಕ್ಕತಂಗಿ ಕೊಳ. ಸುತ್ತ ನೋಡಿದರೆ ಎಲ್ಲ ದಿಕ್ಕಿಗೂ ಹಸಿರು ಗುಡ್ಡ. ಅವಳು ಫೋನು ತೆಗೆದು ಬಲ್ಲಾಳರಾಯನದುರ್ಗಕ್ಕೆ ದಾರಿ ನೋಡಿದಳು. ಈಗಿನ ರಸ್ತೆಯಲ್ಲೇ ನೂರು ಕಿಲೋಮೀಟರಿಗೂ ಹೆಚ್ಚು, ಎಲ್ಲವೂ ಘಟ್ಟಸೀಮೆ. "ಅಷ್ಟು ದೂರ ಓಡಿದವಳು ಹೇಡಿ ಆಗಿರಲಾರಳು ದೊಡ್ಡಮ್ಮ" ಎಂದಳು. ಎರಡು ದಿನ ಆ ನೆಲವನ್ನು ತುಳಿದ ಕಾಲುಗಳ ಮಾತು ಅದು.

ದೇವಗಂಗೆಯ ಕೊಳಗಳನ್ನು ನೋಡದೆ ಬರುವುದು ಹೇಗೆ ಎಂದು ಮತ್ತೆ ಮಣ್ಣುದಾರಿಗೆ ಬಿದ್ದೆವು. ಒಂದು ತಿರುವಿನಲ್ಲಿ ನನ್ನ ಹಿಂದಿನ ಟಯರು ಪಂಕ್ಚರಾಯಿತು. ಅವಳು ಸೈಕಲ್ಲನ್ನು ತಲೆಕೆಳಗೆ ಮಾಡಿ ಟ್ಯೂಬು ಬಿಚ್ಚುತ್ತ ಕೂತಾಗ ಸೊಪ್ಪಿನ ಹೊರೆ ಹೊತ್ತ ಒಬ್ಬ ಅಜ್ಜಿ ಬಂದು ಹೊರೆ ಇಳಿಸಿ ನಿಂತಳು. ಎಲ್ಲಿಂದ ಬಂದಿರಿ, ಎಷ್ಟು ದಿನವಾಯಿತು, ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಲ್ಲ ವಿಚಾರಿಸಿಕೊಂಡಳು. ಅಡಿಗೆ ಯಜಮಾನರೇ ಮಾಡಿಕೊಳ್ಳುತ್ತಾರೆ ಎಂದೆ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹಂಗಾರೆ ಇನ್ನೂ ನಾಕು ದಿನ ತಿರುಗ್ರಿ" ಎಂದಳು. ದೇವಗಂಗೆಗೆ ಟಾರು ರಸ್ತೆಗಿಂತ ಹತ್ತಿರದ ಒಂದು ಕಾಲುದಾರಿ ಇದೆಯೆಂದು ಬಿದಿರು ಮೆಳೆಯ ಕಡೆ ಕೈ ತೋರಿಸಿದಳು. ಕಾರಿನವರಿಗೆ ಅದನ್ನು ಹೇಳುವುದಿಲ್ಲವಂತೆ.